ಪಂಚಮಿ ದಿನ ಬಾಣಲಿ ಇಟ್ಟರೆ ದೋಷವೇ?

ಪ್ರಶ್ನೆ: ನಮ್ಮದು ಮೂಲ ಹಾನಗಲ್ ತಾಲೂಕು. ಕಳೆದ ವರ್ಷ ನಾಗರ ಪಂಚಮಿಯಂದು ಮಕ್ಕಳು ಹಟ ಹಿಡಿದರೆಂದು ಮಿರ್ಚಿ ಕರಿದೆ. ತಿಂಗಳೊಳಗೆ ನಮ್ಮ ಯಜಮಾನರು ಬೈಕಿನಿಂದ ಬಿದ್ದು ಕಾಲು ಮುರಿಯಿತು. ನನ್ನಿಂದಲೇ ಹೀಗಾಯಿತೆಂದು ಅತ್ತೆಯವರು ಇಂದಿಗೂ ಅನ್ನುತ್ತಾರೆ. ಸರ್ಪಸಂಸ್ಕಾರ ಮಾಡಿಸಬೇಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ ತಂಗಿ. ಸರ್ಪಸಂಸ್ಕಾರವೆಂದರೆ ಸತ್ತ ಸರ್ಪಕ್ಕೆ ಮಾಡುವ ಉತ್ತರಕ್ರಿಯೆ. ಕುಕ್ಕೆಯಲ್ಲಿ ಎರಡು ದಿನ ನಡೆಯುವ ಕರ್ಮ ಅದು. ಬಾಣಲಿ ಇಟ್ಟದ್ದಕ್ಕೆಲ್ಲ ಅದಲ್ಲ. ಆ ದುಡ್ಡು ಯಜಮಾನರ ಕಾಲಿನ ಔಷಧಕ್ಕಾಗಲಿ.

ಹಾಗಂತ ಪದ್ಧತಿ ಸುಳ್ಳಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಅಂದು ಬಹಳ ಮನೆಗಳಲ್ಲಿ ಹಂಚು ಇಡೋದಿಲ್ಲ, ಎಣ್ಣೆ ಕಾಯಿಸೋದಿಲ್ಲ, ಹೊಲದಲ್ಲಿ ನೆಲ ಅಗೆಯೋದೂ ಇಲ್ಲ. ಆದಿಪರ್ವದ ಜನಮೇಜಯನ ಸರ್ಪಯಾಗ ನೆನಪಿಸಿಕೊಳ್ಳಿ. ಮಂತ್ರ ಹೇಳಿದಂತೆಲ್ಲ ಹಾವುಗಳು ಬಂದು ಬಂದು ಕುಂಡಕ್ಕೆ ಬಿದ್ದವು. ಆಸ್ತೀಕ ಬಂದು ನಿಲ್ಲಿಸಿದ. ಸುಟ್ಟ ಮೈ ತಣ್ಣಗಾಗಲಿ ಅಂತ ಹಾಲೆರೆಯೋದು ಅಂತ ಹಿರಿಯರು ಹೇಳ್ತಾರೆ. ಹಾಲೆರೆದು ಬಂದ ಕೈಯಿಂದಲೇ ಚೊರ್ ಅನ್ನೋ ಎಣ್ಣೆಗೆ ಏನನ್ನಾದರೂ ಬಿಡಲಿಕ್ಕೆ ಮನಸ್ಸು ಒಪ್ಪೋದಿಲ್ಲ, ಅಷ್ಟೇ. ಕರುಣೆಯಿಂದ ಹುಟ್ಟಿದ ಆಚಾರ ಇದು. ಅದನ್ನೇ ಹಿಡಿದು ಮನೆಯ ಸೊಸೆಯನ್ನು ವರ್ಷಗಟ್ಟಲೆ ಚುಚ್ಚೋದು ಯಾವ ಶಾಸ್ತ್ರ?

ಕರಿಯೋದೇ ಮೈಲಿಗೆಯೂ ಅಲ್ಲ. ಶ್ರಾದ್ಧದ ಎಲೆಗೆ ವಡೆ ಬೇಕೇ ಬೇಕು. ಅಷ್ಟೇಕೆ, ಪಂಚಮಿಯ ಬುಂದಿ ಉಂಡಿಯ ಕಾಳು ಬೇಯೋದು ಎಣ್ಣೆಯಲ್ಲೇ ಅಲ್ಲವೇ? ನಮ್ಮ ತಾಯಂದಿರು ಎರಡು ದಿನ ಮೊದಲೇ ಕರಿದು, ಉಂಡಿ ಕಟ್ಟಿ, ಡಬ್ಬಿ ತುಂಬಿಸಿಡುತ್ತಿದ್ದರು. ರೊಟ್ಟಿಯೂ ಮೊದಲೇ ಆಗುತ್ತಿತ್ತು. ಅದಕ್ಕೇ ರೊಟ್ಟಿ ಪಂಚಮಿ ಅನ್ನೋದು. ಸವಣೂರು ಖಾರ ಬೇಕೆಂದರೆ ಅದನ್ನೂ ಮುಂಚೆಯೇ ತಂದಿಡಿ. ಕೆಲವರು ಚೌತಿಯಂದು ಬಿಡ್ತಾರೆ, ಕೆಲವರು ಪಂಚಮಿಯಂದು. ನಿಮ್ಮ ಮನೆಯಲ್ಲಿ ಬಂದದ್ದನ್ನೇ ನಡೆಸಿ.

ನಾನು ನಿತ್ಯ ಜಾತಕ ನೋಡುವವನು. ಅಪಘಾತಕ್ಕೆ ಗ್ರಹಸ್ಥಿತಿ ವಿಚಾರಿಸೋದಾದರೆ ಬಿದ್ದವರ ಜಾತಕ ನೋಡಬೇಕು, ಹೆಂಡತಿ ಯಾವತ್ತು ಏನು ಕರಿದಳು ಅಂತಲ್ಲ. ರಸ್ತೆಯ ಗುಂಡಿಯನ್ನೂ ಒಂದು ಸಲ ನೋಡಿ ಬರಬೇಕು.

ಮನಸ್ಸಿನ ಅಳುಕು ಹೋಗಲಿಕ್ಕೆ ಇಷ್ಟು ಮಾಡಿ. ಈ ಸಲ ಅತ್ತೆಯವರನ್ನೇ ಮುಂದೆ ಮಾಡಿ, ಅವರ ಕೈಯಿಂದ ಮೊದಲು ಕಲ್ಲನಾಗರಕ್ಕೆ ಹಾಲೆರೆಸಿ, ಆಮೇಲೆ ನೀವು ಎರೆಯಿರಿ. ಒಂದು ಚಮಚ ಸಾಕು, ಉಳಿದ ಹಾಲು ಮಕ್ಕಳಿಗೆ. ಜೀವಂತ ಹಾವಿಗೆ ಹಾಲು ಬೇಡ, ಅದರ ಆಹಾರವಲ್ಲ ಅದು. ನೈವೇದ್ಯಕ್ಕೆ ಹಬೆಯಲ್ಲಿ ಬೇಯಿಸಿದ ಕಡಬು ಇಡಿ. ಈ ಪುಟವನ್ನು ಅವರಿಗೆ ಓದಿ ಹೇಳಲು ಸಂಕೋಚವಾದರೆ ಯಜಮಾನರೇ ಓದಿ ಹೇಳಲಿ. ಮಿರ್ಚಿ ಮರುದಿನ ಕರಿಯಿರಿ.