ಹಬ್ಬದ ದಿನ ಪಥ್ಯ ಮುರಿದರೆ ಪ್ರಾಯಶ್ಚಿತ್ತ ಉಂಟೇ?

ಪ್ರಶ್ನೆ: ನನಗೆ 47 ವರ್ಷ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. 12 ಕಿಲೋ ತೂಕ ಇಳಿಸಬೇಕು ಎಂದು ಡಾಕ್ಟರು ಹೇಳಿದ್ದಾರೆ. ಎಂಟು ತಿಂಗಳಲ್ಲಿ 7 ಕಿಲೋ ಇಳಿದಿದೆ. ಬೆಂಗಳೂರಿನಲ್ಲಿರುವ ಮಗ ‘ವಾರಕ್ಕೊಂದು ಚೀಟ್ ಡೇ ಇಟ್ಟುಕೋ ಅಮ್ಮ, ಆ ದಿನ ಬೇಕಾದ್ದು ತಿನ್ನು’ ಎನ್ನುತ್ತಾನೆ. ಈ ಸಲ ಚೌತಿಗೆ ತಡೆಯಲಾಗದೆ ಐದಾರು ಸಿಹಿ ಕಡುಬು, ಎರಡು ಸಲ ಪಾಯಸ ತಿಂದೆ. ಮರುದಿನ ಬೇಸರವಾಗಿ ಎರಡು ದಿನ ಬರೀ ನೀರಿನಲ್ಲಿದ್ದೆ, ತಲೆ ತಿರುಗಿ ಬಿತ್ತು. ನೈವೇದ್ಯ ಬೇಡ ಎನ್ನಬಾರದು, ದೋಷ ಬರುತ್ತದೆ ಎಂದು ಅತ್ತೆ ಹೇಳುತ್ತಾರೆ. ಪಥ್ಯ ಮುರಿದದ್ದಕ್ಕೆ ಪ್ರಾಯಶ್ಚಿತ್ತ ಏನು? ಸಂಕಷ್ಟಿ ಉಪವಾಸವನ್ನೇ ಪಥ್ಯಕ್ಕೂ ಸೇರಿಸಿಕೊಳ್ಳಬಹುದೇ? ಇದು ಗ್ರಹದೋಷವೇ? ಇನ್ನೊಂದು: ಆನೆಗುಡ್ಡೆಯಲ್ಲಿ ಬೆಲ್ಲದ ತುಲಾಭಾರದ ಹರಕೆ ಇದೆ. ತೂಕ ಇಳಿದ ಮೇಲೆ ಮಾಡಿಸಿದರೆ ದೇವರಿಗೆ ಕಡಿಮೆ ಕೊಟ್ಟಂತಾಗುವುದಿಲ್ಲವೇ?
– ಓರ್ವ ಓದುಗರು, ಬ್ರಹ್ಮಾವರ

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ಪ್ರಶ್ನೆ ಕೇಳಿದ್ದೀರಿ. ಆದರೆ ನನಗೆ ಹೆಚ್ಚು ಚಿಂತೆ ಹಿಡಿಸಿದ್ದು ನೀವು ಪ್ರಶ್ನೆಯಾಗಿ ಕೇಳದೇ ಇದ್ದ ಮಾತು: ಆ ಎರಡು ದಿನದ ಬರೀ ನೀರು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಹಾಗೆ ಉಪವಾಸ ಮಾಡಕೂಡದು. ಮಾತ್ರೆ ಹೊಟ್ಟೆಯೊಳಗೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಅನ್ನ ಇಲ್ಲ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಸಕ್ಕರೆ ಒಮ್ಮೆಲೇ ಇಳಿದರೆ ಜೀವಕ್ಕೇ ಅಪಾಯ. ಶಾಸ್ತ್ರವೂ ಇದನ್ನು ಒಪ್ಪುವುದಿಲ್ಲ. ಏಕಾದಶಿಯ ನಿಯಮ 8 ವರ್ಷದಿಂದ 80 ವರ್ಷದವರೆಗೆ ಎಂದು ಹೇಳಿದ ಧರ್ಮಶಾಸ್ತ್ರವೇ ರೋಗಿಗಳಿಗೆ ವಿನಾಯಿತಿ ಕೊಟ್ಟಿದೆ. ವ್ರತವನ್ನು ಕೆಡಿಸದ ಎಂಟು ಸಂಗತಿಗಳನ್ನು ಅದು ಲೆಕ್ಕ ಹಾಕಿ ಇಟ್ಟಿದೆ. ನೀರು, ಗೆಡ್ಡೆ, ಹಣ್ಣು, ಹಾಲು ಆ ಪಟ್ಟಿಯಲ್ಲಿವೆ. ಜೊತೆಗೆ ಗುರುವಿನ ಮಾತು ಮತ್ತು ಔಷಧವೂ ಇವೆ. ಈ ವಿಷಯದಲ್ಲಿ ನಿಮಗೆ ಡಾಕ್ಟರೇ ಗುರು, ಅವರು ಹೇಳಿದ ಊಟವೇ ಔಷಧ.

ಇನ್ನು ಪ್ರಾಯಶ್ಚಿತ್ತದ ಮಾತು. ಪ್ರಾಯಶ್ಚಿತ್ತ ಇರುವುದು ಪಾಪಕ್ಕೆ. ಪಥ್ಯ ಮುರಿದದ್ದು ಪಾಪವಲ್ಲ, ಅದು ಲೋಪ. ಇವೆರಡಕ್ಕೂ ವ್ಯತ್ಯಾಸ ಉಂಟು. ನಿಮ್ಮ ಮನೆಗೆ ಪೂಜೆಗೆ ಬಂದ ಪುರೋಹಿತರು ಕೊನೆಗೆ ಏನು ಮಾಡುತ್ತಾರೆ, ನೆನಪು ಮಾಡಿಕೊಳ್ಳಿ. ಮಂತ್ರದಲ್ಲಿ, ಸ್ವರದಲ್ಲಿ, ಕ್ರಿಯೆಯಲ್ಲಿ ಏನಾದರೂ ಲೋಪ ಆಗಿದ್ದರೆ ಎಂದು ಹೇಳಿ ಅಚ್ಯುತ, ಅನಂತ, ಗೋವಿಂದ ಎಂಬ ನಾಮ ಉಚ್ಚರಿಸಿ, ನೀರು ಬಿಟ್ಟು ಪೂಜೆ ಮುಗಿಸುತ್ತಾರೆ. ಎಷ್ಟು ಶ್ರದ್ಧೆಯಿಂದ ಮಾಡಿದ ಪೂಜೆಯಲ್ಲೂ ಇದು ತಪ್ಪುವುದಿಲ್ಲ. ಮನುಷ್ಯ ಮಾಡಿದ್ದರಲ್ಲಿ ಲೋಪ ಆಗಿಯೇ ಆಗುತ್ತದೆ ಎಂದು ಹಿರಿಯರಿಗೆ ಗೊತ್ತಿತ್ತು. ಅದಕ್ಕೆ ಪೂಜೆಯ ಒಳಗೇ ಜಾಗ ಮಾಡಿಟ್ಟರು. ಒಂದು ಅಕ್ಷರ ತಪ್ಪಿತು ಅಂತ ಯಾವ ಪುರೋಹಿತನೂ ದೀಪ ಆರಿಸಿ ಮನೆಗೆ ಹೋಗುವುದಿಲ್ಲ, ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವುದೂ ಇಲ್ಲ. ಮುಂದಿನ ಮಂತ್ರ ಹೇಳುತ್ತಾನೆ.

ನಿಮಗೂ ಅಷ್ಟೇ. ಕಡುಬು ಹೆಚ್ಚಾಯಿತೇ? ದೇವರ ಮುಂದೆ ಆ ಮೂರು ನಾಮ ಹೇಳಿ, ಮುಂದಿನ ಊಟವನ್ನು ಎಂದಿನ ಪಥ್ಯದಲ್ಲಿ ಮಾಡಿ. ‘ಹೇಗೂ ಹಾಳಾಯ್ತಲ್ಲ’ ಎಂದು ರಾತ್ರಿಯೂ ತಿನ್ನುವುದು ಬೇಡ, ಮರುದಿನ ಹೊಟ್ಟೆಗೆ ಶಿಕ್ಷೆ ಕೊಡುವುದೂ ಬೇಡ. ಎಂಟು ತಿಂಗಳು ಕಾಪಾಡಿಕೊಂಡು ಬಂದದ್ದು ಒಂದು ಮಧ್ಯಾಹ್ನದಲ್ಲಿ ಹೋಗುವುದಿಲ್ಲ. ಆ ಮಧ್ಯಾಹ್ನದ ಮೇಲಿನ ಸಿಟ್ಟಿನಲ್ಲಿ ಹೋಗಬಹುದು.

ಈಗ ನಿಮ್ಮ ಮಗ ಹೇಳಿದ ಚೀಟ್ ಡೇ. ಮಗ ಪ್ರೀತಿಯಿಂದ ಹೇಳಿದ್ದಾನೆ, ಅವನನ್ನು ತಪ್ಪು ಎನ್ನುವುದಿಲ್ಲ. ಆದರೆ ಆ ಹೆಸರು ಮಾತ್ರ ನನಗೆ ಸರಿ ಕಾಣುವುದಿಲ್ಲ. ಚೀಟ್ ಎಂದರೆ ಮೋಸ. ಯಾರು ಯಾರಿಗೆ ಮೋಸ ಮಾಡುವುದು? ಡಾಕ್ಟರಿಗೋ, ದೇಹಕ್ಕೋ, ತನಗೆ ತಾನೋ? ಆರು ದಿನ ಪಥ್ಯ, ಒಂದು ದಿನ ಮೋಸ ಎಂದು ಹೆಸರಿಟ್ಟರೆ, ಆರು ದಿನದ ಊಟ ಜೈಲಿನ ಊಟ ಅನಿಸುತ್ತದೆ. ಏಳನೇ ದಿನದ ಊಟ ಕದ್ದು ತಿಂದ ಊಟ ಅನಿಸುತ್ತದೆ. ಎರಡರಲ್ಲೂ ಸಮಾಧಾನ ಇಲ್ಲ. ಲೆಕ್ಕವನ್ನೂ ನೋಡಿ: ವಾರಕ್ಕೊಂದು ಎಂದರೆ ವರ್ಷಕ್ಕೆ 52 ದಿನ. ಅದರ ಮೇಲೆ ಯುಗಾದಿ, ನಾಗರಪಂಚಮಿ, ಅಷ್ಟಮಿ, ಚೌತಿ, ನವರಾತ್ರಿ, ದೀಪಾವಳಿ, ಮದುವೆ, ಉಪನಯನ, ಗೃಹಪ್ರವೇಶ. ನಮ್ಮ ಕಡೆ ಊಟಕ್ಕೆ ಕರೆಯುವವರಿಗೆ ಬರಗಾಲ ಇಲ್ಲ!

ಹಾಗಾದರೆ ಬಾಯಿ ಕಟ್ಟಿ ಕೂರಬೇಕಾ? ಬೇಡ. ಇಲ್ಲಿ ನಮ್ಮ ವ್ರತಗಳ ಒಂದು ಗುಟ್ಟನ್ನು ಗಮನಿಸಿ. ಏಕಾದಶಿಯಲ್ಲಿ ಉಪವಾಸ ಎಷ್ಟು ಮುಖ್ಯವೋ ದ್ವಾದಶಿಯ ಪಾರಣೆಯೂ ಅಷ್ಟೇ ಮುಖ್ಯ. ಸಂಕಷ್ಟಿಯಲ್ಲಿ ಹಗಲಿನ ಉಪವಾಸ ಎಷ್ಟೋ ಚಂದ್ರೋದಯದ ನಂತರದ ಊಟವೂ ಅಷ್ಟೇ. ಆ ಊಟ ವ್ರತಕ್ಕೆ ಕೊಟ್ಟ ರಜೆ ಅಲ್ಲ, ವ್ರತದ ಭಾಗ. ಅದಕ್ಕೊಂದು ಸಮಯ, ಅದಕ್ಕೊಂದು ಕ್ರಮ ಉಂಟು.

ಭಾಗವತದ ಒಂಬತ್ತನೇ ಸ್ಕಂಧದಲ್ಲಿ ಅಂಬರೀಷನ ಕಥೆ ನಿಮಗೆ ಗೊತ್ತಿರಬಹುದು. ದ್ವಾದಶಿಯ ಪಾರಣೆಯ ಹೊತ್ತಿಗೆ ದೂರ್ವಾಸರು ಅತಿಥಿಯಾಗಿ ಬಂದರು, ಸ್ನಾನಕ್ಕೆಂದು ನದಿಗೆ ಹೋದವರು ತಡ ಮಾಡಿದರು. ದ್ವಾದಶಿ ಮುಗಿಯುತ್ತಾ ಬಂತು. ಪಾರಣೆ ಬಿಟ್ಟರೆ ವ್ರತ ಕೆಡುತ್ತದೆ, ಅತಿಥಿಗಿಂತ ಮೊದಲು ಉಂಡರೆ ಧರ್ಮ ಕೆಡುತ್ತದೆ. ಅಂಬರೀಷ ತಿಳಿದವರನ್ನು ಕೇಳಿ ಒಂದು ಗುಟುಕು ನೀರು ಕುಡಿದ. ನೀರು ಕುಡಿದರೆ ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು. ದೂರ್ವಾಸರು ಸಿಟ್ಟಾದರು, ಆದರೆ ಭಗವಂತನ ಚಕ್ರ ನಿಂತದ್ದು ಅಂಬರೀಷನ ಕಡೆಗೆ. ಎರಡು ಕರ್ತವ್ಯ ಒಂದಕ್ಕೊಂದು ಅಡ್ಡ ಬಂದಾಗ, ಒಂದನ್ನು ತುಳಿದು ಇನ್ನೊಂದನ್ನು ಉಳಿಸಿಕೊಳ್ಳುವ ಅಗತ್ಯ ಇಲ್ಲ. ಅಳತೆಯನ್ನು ಸಣ್ಣದು ಮಾಡಿದರೆ ಎರಡೂ ಉಳಿಯುತ್ತವೆ.

ನಿಮ್ಮ ಅತ್ತೆಯವರ ಮಾತಿಗೆ ಉತ್ತರವೂ ಇದರಲ್ಲೇ ಉಂಟು. ಪ್ರಸಾದವನ್ನು ನಿರಾಕರಿಸಬಾರದು ಎಂದು ಅವರು ಹೇಳಿದ್ದು ಸರಿ. ಆದರೆ ಇಷ್ಟೇ ತಿನ್ನಬೇಕು ಎಂದು ಯಾವ ಶಾಸ್ತ್ರವೂ ಹೇಳಿಲ್ಲ. ಪ್ರಸಾದ ಸ್ವೀಕಾರ ಎಂದರೆ ಕೈಯೊಡ್ಡಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಒಂದಿಷ್ಟು ಬಾಯಿಗೆ ಹಾಕಿಕೊಳ್ಳುವುದು. ಬೆಲ್ಲ, ಕಾಯಿ, ಎಳ್ಳು ಸೇರಿದ ಪಂಚಕಜ್ಜಾಯದ ಒಂದು ಚಿಟಿಕೆಗೂ ಒಂದು ಬೊಗಸೆಗೂ ಪ್ರಸಾದವಾಗಿ ವ್ಯತ್ಯಾಸವಿಲ್ಲ. ಉಳಿದದ್ದನ್ನು ಮಕ್ಕಳಿಗೆ, ನೆರೆಯವರಿಗೆ ಹಂಚಿ, ಹಂಚಿದಷ್ಟು ಪುಣ್ಯ. ಗಣಪತಿಗೆ 21 ಮೋದಕ ಇಡುತ್ತೇವೆ. ಆ 21 ನೈವೇದ್ಯದ ಲೆಕ್ಕ, ತಿನ್ನುವವರ ಲೆಕ್ಕ ಅಲ್ಲ. ಐದನೇ ಕಡುಬು ಎಲೆಗೆ ಬೀಳುವಾಗ ‘ದೇವರ ಪ್ರಸಾದ, ಬೇಡ ಅನ್ನಬಾರದು’ ಎಂದು ನಾವು ಹೇಳಿದರೆ, ಅದನ್ನು ಹೇಳುವುದು ಭಕ್ತಿಯಲ್ಲ, ನಾಲಿಗೆ. ದೇವರ ಹೆಸರನ್ನು ನಾಲಿಗೆಯ ಕೆಲಸಕ್ಕೆ ಕಳಿಸಬಾರದು. ಚೀಟ್ ಎಂಬ ಮಾತು ಸಲ್ಲುವುದಾದರೆ ಇಲ್ಲಿ ಸಲ್ಲುತ್ತದೆ.

ಬಡಿಸುವವರಿಗೂ ಒಂದು ಮಾತು ಹೇಳಲೇಬೇಕು. ‘ಒಂದ್ ಕಡ್ಬ್ ತಿಂದ್ರೆ ಎಂತ ಆತ್ತ್ ಮಾರಾಯ್ತಿ’ ಎಂದು ಎಲೆಗೆ ಹಾಕಿಬಿಡುವುದು ನಮ್ಮ ಕುಂದಾಪುರದ ಪ್ರೀತಿ, ಗೊತ್ತು. ಆದರೆ ಉಪಚಾರ ಎಂದರೆ ಕೇಳಿ ಬಡಿಸುವುದು. ಸಕ್ಕರೆ ಕಾಯಿಲೆ ಇರುವವರ ಎಲೆಗೆ ಒತ್ತಾಯದಿಂದ ಹೋಳಿಗೆ ಹಾಕುವುದರಲ್ಲಿ ಪುಣ್ಯ ಇಲ್ಲ. ಉಣ್ಣುವವರೂ ಬಡಿಸುವ ಮೊದಲೇ ಎಲೆಗೆ ಕೈ ಅಡ್ಡ ಹಿಡಿಯಬೇಕು; ಹಾಕಿಸಿಕೊಂಡು ಬಿಟ್ಟರೆ ಅನ್ನ ಹಾಳು. ನಮ್ಮ ಕುಂಭಾಶಿಯ ಸ್ಥಳಪುರಾಣ ಶುರುವಾಗುವುದೇ ಬರಗಾಲದಿಂದ: ಮಳೆ ಇಲ್ಲದೆ ಜನ ಕಂಗೆಟ್ಟಾಗ ಅಗಸ್ತ್ಯರು ಇಲ್ಲಿ ಯಜ್ಞ ಮಾಡಿದರು, ಅದಕ್ಕೆ ಅಡ್ಡ ಬಂದ ಕುಂಭಾಸುರನನ್ನು ಗಣಪತಿ ಕೊಟ್ಟ ಅಸಿಯಿಂದ, ಎಂದರೆ ಕತ್ತಿಯಿಂದ, ಭೀಮಸೇನ ಕೊಂದ ಎಂದು ಕಥೆ. ಅಂಥ ಮಣ್ಣಿನಲ್ಲಿ ಅನ್ನವನ್ನು ಚೆಲ್ಲುವುದೂ ತಪ್ಪು, ‘ಅನ್ನವೇ ವಿಷ’ ಎಂದು ಬೈಯುವುದೂ ತಪ್ಪು. ಅನ್ನವನ್ನು ನಿಂದಿಸಬೇಡ ಎಂಬುದು ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿ ಹೇಳುವ ವ್ರತ. ಪಥ್ಯ ಮಾಡುವವರು ಕಡುಬನ್ನು ಶತ್ರು ಎಂದು ನೋಡಬೇಡಿ. ಅದು ಒಳ್ಳೆಯದೇ. ನಮಗೆ ಇಷ್ಟು ಸಾಕು, ಅಷ್ಟೇ.

ಸಂಕಷ್ಟಿ ಉಪವಾಸವನ್ನು ಪಥ್ಯಕ್ಕೆ ಸೇರಿಸಬಹುದೇ ಎಂದು ಕೇಳಿದ್ದೀರಿ. ನಿಮ್ಮ ಸ್ಥಿತಿಯಲ್ಲಿ ಡಾಕ್ಟರು ಒಪ್ಪಿದರೆ ಮಾತ್ರ, ಅವರು ಹೇಳಿದ ಹಾಗೆ. ಉಳಿದವರಿಗೆ ಹೇಳುವುದಾದರೆ, ಉಪವಾಸದಿಂದ ದೇಹ ಹಗುರವಾದರೆ ಬೇಡ ಎನ್ನುವವರಿಲ್ಲ. ಆದರೆ ಸಂಕಲ್ಪ ಗಣಪತಿಯದ್ದಾಗಿರಲಿ, ತೂಕದ್ದಲ್ಲ. ಉಪವಾಸ ಎಂದರೆ ಹತ್ತಿರ ವಾಸ ಮಾಡುವುದು. ಇಡೀ ದಿನ ತೂಕದ ಯಂತ್ರದ ಹತ್ತಿರ ವಾಸ ಮಾಡಿದರೆ ಅದು ದೇವರ ಉಪವಾಸ ಹೇಗಾದೀತು? ಇನ್ನೊಂದು ತಮಾಷೆಯೂ ಉಂಟು. ಒಪ್ಪತ್ತು ಎಂದು ಹೇಳಿ ರಾತ್ರಿ ಫಲಾಹಾರದ ಹೆಸರಲ್ಲಿ ಅವಲಕ್ಕಿ, ಉಪ್ಪಿಟ್ಟು, ಶಿರಾ, ಬಾಳೆಹಣ್ಣು ಎಲ್ಲ ಸೇರಿದರೆ ಮಧ್ಯಾಹ್ನದ ಊಟಕ್ಕಿಂತ ಅದೇ ಭಾರ. ಲಂಬೋದರ ನೋಡಿ ನಗುತ್ತಾನೆ.

ಗ್ರಹದ ವಿಷಯ. ಜ್ಯೋತಿಷದಲ್ಲಿ ಗುರು ಮೇದಸ್ಸಿಗೆ, ಎಂದರೆ ಕೊಬ್ಬಿಗೆ ಕಾರಕ; ಎರಡನೇ ಮನೆ ಬಾಯಿಗೂ ಭೋಜನಕ್ಕೂ ಸೇರಿದ್ದು. ಜಾತಕದಲ್ಲಿ ಸ್ವಭಾವ ಕಾಣುತ್ತದೆ, ನಿಜ. ಆದರೆ ಗುರುಗ್ರಹ ಯಾರ ಎಲೆಗೂ ಬಡಿಸುವುದಿಲ್ಲ. ಚರಕರು ರೋಗಕ್ಕೆ ಕಾರಣ ಹೇಳುವಾಗ ಪ್ರಜ್ಞಾಪರಾಧ ಎಂಬ ಮಾತು ಬಳಸುತ್ತಾರೆ. ಧೀ, ಧೃತಿ, ಸ್ಮೃತಿ – ತಿಳಿವಳಿಕೆ, ತಡೆದುಕೊಳ್ಳುವ ಶಕ್ತಿ, ನೆನಪು – ಇವು ಜಾರಿದಾಗ ಮಾಡುವ ಕೆಲಸ ಅದು. ನಿಮಗೆ ತಿಳಿವಳಿಕೆ ಚೆನ್ನಾಗಿಯೇ ಉಂಟು. ಚೌತಿಯ ದಿನ ಜಾರಿದ್ದು ಉಳಿದ ಎರಡು. ಅವಕ್ಕೆ ಶಾಂತಿಹೋಮ ಬೇಡ, ಸಂಕಲ್ಪ ಬೇಕು.

ಸಂಕಲ್ಪ ಹೇಗೆ ಎಂದರೆ, ಹಬ್ಬವನ್ನೇ ವ್ರತದ ಒಳಗೆ ತನ್ನಿ. ಹಿಂದಿನ ರಾತ್ರಿ ದೇವರಿಗೆ ದೀಪ ಇಟ್ಟ ಮೇಲೆ ಮನಸ್ಸಿನಲ್ಲೇ ಹೇಳಿಕೊಳ್ಳಿ: ‘ನಾಳೆ ಹಬ್ಬ. ಪ್ರಸಾದ ಇಷ್ಟು, ಸಿಹಿ ಇಷ್ಟು, ಅನ್ನ ಒಮ್ಮೆ ಬಡಿಸಿದಷ್ಟೇ.’ ಆ ‘ಇಷ್ಟು’ ಎಷ್ಟು ಎಂದು ಡಾಕ್ಟರನ್ನು ಮೊದಲೇ ಕೇಳಿ. ಮರುದಿನ ಆ ಸಿಹಿಯನ್ನು ಅಳುಕಿಲ್ಲದೆ, ನಿಧಾನವಾಗಿ, ರುಚಿ ನೋಡಿ ತಿನ್ನಿ. ಅದು ಮೋಸ ಅಲ್ಲ, ನೀವು ಕೊಟ್ಟ ಮಾತಿನಂತೆಯೇ ತಿನ್ನುವುದು. ಊಟಕ್ಕೆ ಮೊದಲು ಆಪೋಶನ, ಪ್ರಾಣಕ್ಕೆ, ಅಪಾನಕ್ಕೆ ಎಂದು ಐದು ಆಹುತಿ, ಕೊನೆಗೆ ಉತ್ತರಾಪೋಶನ ಇಟ್ಟದ್ದು ಯಾಕೆ? ಊಟಕ್ಕೆ ಒಂದು ಬಾಗಿಲು, ಒಂದು ಚಿಲಕ ಇರಲಿ ಅಂತ. ಉತ್ತರಾಪೋಶನ ಆದ ಮೇಲೆ ಎಲೆಯಲ್ಲಿ ಇರುವುದನ್ನೂ ಮುಟ್ಟುವ ಹಾಗಿಲ್ಲ. ಈ ಕ್ರಮ ರೂಢಿಯಲ್ಲಿ ಇಲ್ಲದವರು ಊಟ ಮುಗಿದ ಕೂಡಲೇ ದೇವರ ಹೆಸರು ಹೇಳಿ ಒಂದು ಗುಟುಕು ನೀರು ಕುಡಿದು ಎದ್ದರೆ ಸಾಕು. ಎಷ್ಟು ಉಣ್ಣಬೇಕು ಎಂಬುದಕ್ಕೂ ಅಳತೆ ಉಂಟು. ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ ಎರಡು ಪಾಲು ಅನ್ನಕ್ಕೆ, ಒಂದು ನೀರಿಗೆ, ಒಂದು ಗಾಳಿಗೆ ಎಂದು ಅಷ್ಟಾಂಗಹೃದಯ ಹೇಳುತ್ತದೆ. ಗೀತೆಯ ಆರನೇ ಅಧ್ಯಾಯ ಅತಿಯಾಗಿ ಉಣ್ಣುವವನನ್ನು ಎಷ್ಟು ದೂರ ಇಡುತ್ತದೋ ಏನೂ ಉಣ್ಣದವನನ್ನೂ ಅಷ್ಟೇ ದೂರ ಇಡುತ್ತದೆ. ನೀವು ಚೌತಿಯ ದಿನ ಒಂದು ತುದಿಯಲ್ಲಿದ್ದಿರಿ, ಮರುದಿನ ಇನ್ನೊಂದು ತುದಿಗೆ ಹೋದಿರಿ; ನಡುವಿನ ದಾರಿಯನ್ನು ಮಾತ್ರ ತುಳಿಯಲಿಲ್ಲ.

‘ಒಂದು ತಿಂದರೆ ಹತ್ತು ಬೇಕಾಗುತ್ತದೆ, ನನ್ನಿಂದ ಅಳತೆ ಆಗದು’ ಎನ್ನುವವರೂ ಇದ್ದಾರೆ. ಅವರು ತಮ್ಮ ಸ್ವಭಾವ ತಿಳಿದು ಆ ಒಂದು ಪದಾರ್ಥವನ್ನೇ ಬಿಡುವುದು ಲೇಸು. ಕಾಶಿಗೆ ಹೋದವರು ಇಷ್ಟದ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಬರುವುದಿಲ್ಲವೇ, ಹಾಗೆ. ಚಾತುರ್ಮಾಸ್ಯದಲ್ಲೂ ನಾಲ್ಕು ತಿಂಗಳು ಎಲ್ಲವನ್ನೂ ಒಟ್ಟಿಗೆ ಬಿಡುವುದಿಲ್ಲ; ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಕೊನೆಗೆ ಬೇಳೆಕಾಳು. ಒಂದೊಂದೇ ಬಿಡುವುದನ್ನು ಮನಸ್ಸು ತಡೆದುಕೊಳ್ಳುತ್ತದೆ.

ಕೊನೆಗೆ ತುಲಾಭಾರ. ಈ ಪ್ರಶ್ನೆ ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ತುಲಾಭಾರಕ್ಕೆ ಅಂದು ತಕ್ಕಡಿಯಲ್ಲಿ ಎಷ್ಟು ಭಾರ ಇದ್ದೀರೋ ಅದೇ ಲೆಕ್ಕ. ಕೃಷ್ಣನ ತುಲಾಭಾರದಲ್ಲಿ ಸತ್ಯಭಾಮೆಯ ಬಂಗಾರವೆಲ್ಲ ಸೋತು ರುಕ್ಮಿಣಿಯ ಒಂದು ತುಳಸಿದಳ ಗೆದ್ದ ಕಥೆ ಎಲ್ಲರಿಗೂ ಗೊತ್ತು. ದೇವರು ಕಿಲೋ ಎಣಿಸುವುದಿಲ್ಲ. ಹರಕೆಯನ್ನು ತೂಕಕ್ಕಾಗಿ ಮುಂದೆ ಹಾಕಬೇಡಿ, ಒಳ್ಳೆಯ ದಿನ ನೋಡಿ ತೀರಿಸಿ. ಮನಸ್ಸಿಗೆ ಅಳುಕು ಇದ್ದರೆ, ಇಳಿದ 7 ಕಿಲೋಗೆ ಸರಿಯಾಗಿ 7 ಕಿಲೋ ಅಕ್ಕಿಯನ್ನು ಅನ್ನದಾನಕ್ಕೆ ಕೊಡಿ. ನಿಮ್ಮ ಮೈಯಿಂದ ಇಳಿದದ್ದು ಇನ್ನೊಬ್ಬರ ಹಸಿವಿಗೆ ಆಗಲಿ. ಉಳಿದ 5 ಕಿಲೋಗೂ ಹಾಗೇ ಮಾಡಬಹುದು. ಮುಂದೆ ಒಂದು ದಿನ ಕಡುಬು ಹೆಚ್ಚಾಗಿ ಅರ್ಧ ಕಿಲೋ ಏರಿದರೆ ಕೊಟ್ಟ ಅಕ್ಕಿಯನ್ನು ವಾಪಸು ಕೇಳುವ ಹಾಗಿಲ್ಲ, ಅಷ್ಟು ನೆನಪಿರಲಿ!

ಆನೆಗುಡ್ಡೆ ವಿನಾಯಕನು ನಿಮಗೆ ಆಯುರಾರೋಗ್ಯವನ್ನೂ ಹಬ್ಬದ ದಿನ ನಗುತ್ತಾ ಉಣ್ಣುವ ಮನಸ್ಸನ್ನೂ ಕೊಡಲಿ. ಶುಭಮಸ್ತು.