ಒಮ್ಮೆ ಶುದ್ಧರಾದ ಮೇಲೆ ಮತ್ತೆ ಏಕೆ?

ಪ್ರಶ್ನೆ: ನಮ್ಮ ಎದುರು ಮನೆಯವರು ಕ್ಯಾಥೊಲಿಕರು. ದೀಕ್ಷಾಸ್ನಾನ ಜನ್ಮಕ್ಕೆ ಒಮ್ಮೆ ಮಾತ್ರ, ಮತ್ತೆ ಮಾಡಿಸುವ ಹಾಗಿಲ್ಲ ಎನ್ನುತ್ತಾರೆ. ಆದರೂ ಆ ಮನೆಯ ಹಿರಿಯರು ದಿನಾ ರಾತ್ರಿ ಕೂತು ತಮ್ಮ ತಪ್ಪುಗಳನ್ನು ನೆನೆಯುತ್ತಾರೆ, ಆಗಾಗ ಪಾದ್ರಿಗಳ ಬಳಿ ಪಾಪನಿವೇದನೆಗೂ ಹೋಗುತ್ತಾರೆ. ಒಮ್ಮೆ ಶುದ್ಧರಾದವರಿಗೆ ಇದೆಲ್ಲ ಏಕೆ? ನಮ್ಮ ಯಜಮಾನರಂತೂ, "ನಾಳೆ ಮತ್ತೆ ಅದೇ ಸಿಟ್ಟು, ಅದೇ ಸುಳ್ಳು. ಇವತ್ತು ಶುದ್ಧಿ ಮಾಡಿಕೊಂಡು ಏನು ಬಂತು?" ಅಂತ ಸಂಧ್ಯಾವಂದನೆಯನ್ನೇ ಬಿಟ್ಟಿದ್ದಾರೆ.
- ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಯಜಮಾನರ ಮಾತನ್ನು ಉಡಾಫೆ ಎಂದು ತಳ್ಳಿಹಾಕಬೇಡಿ. ಮೊದಲು ಎದುರು ಮನೆಯವರ ವಿಷಯ ನೋಡೋಣ.

ಯೋಹಾನನ ಸುವಾರ್ತೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಕಡೆಯ ರಾತ್ರಿಯ ಊಟದ ಹೊತ್ತಿನಲ್ಲಿ ಯೇಸು ಶಿಷ್ಯರ ಕಾಲು ತೊಳೆಯುತ್ತಾರೆ. ಪೇತ್ರ ಮೊದಲು ಬೇಡವೆನ್ನುತ್ತಾನೆ. ಆಮೇಲೆ, ಹಾಗಾದರೆ ಕೈಯನ್ನೂ ತಲೆಯನ್ನೂ ತೊಳೆಯಿರಿ ಎನ್ನುತ್ತಾನೆ. ಸ್ನಾನವಾದವನಿಗೆ ಕಾಲು ತೊಳೆದರೆ ಸಾಕು ಎಂಬುದು ಯೇಸುವಿನ ಉತ್ತರದ ತಾತ್ಪರ್ಯ. ಸಂತ ಅಗಸ್ಟೀನರು ಇದನ್ನು ಹೀಗೆ ಬಿಡಿಸಿದರು: ಸ್ನಾನವೆಂದರೆ ದೀಕ್ಷೆ, ಆದರೆ ಲೋಕದಲ್ಲಿ ಬಾಳುವವನ ಕಾಲು ನೆಲ ಮುಟ್ಟಲೇಬೇಕು, ಧೂಳು ಹತ್ತಲೇಬೇಕು. ದಿನದಿನದ ಶುದ್ಧಿ ಆ ಧೂಳಿಗಾಗಿ.

ಇದಕ್ಕೊಂದು ಕ್ರಮ ಹಾಕಿಕೊಟ್ಟವರು ಇಗ್ನೇಷಿಯಸ್ ಲೊಯೋಲಾ. 1548ರಲ್ಲಿ ಅಚ್ಚಾದ ಅವರ ಸಾಧನಾ ಗ್ರಂಥದ ಪ್ರಕಾರ, ತಿದ್ದಿಕೊಳ್ಳಬೇಕಾದ ಒಂದು ದೋಷವನ್ನು ಆರಿಸಿಕೊಳ್ಳಬೇಕು. ಬೆಳಿಗ್ಗೆ ಸಂಕಲ್ಪ. ಮಧ್ಯಾಹ್ನದ ಊಟವಾದ ಮೇಲೆ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ ಎಷ್ಟು ಸಲ ಜಾರಿದೆ ಎಂದು ಗೆರೆಯ ಮೇಲೆ ಚುಕ್ಕಿ ಇಡಬೇಕು. ಇವತ್ತಿನ ಚುಕ್ಕಿಗಳನ್ನು ನಿನ್ನೆಯದರ ಜೊತೆ, ಈ ವಾರದ್ದನ್ನು ಹೋದ ವಾರದ ಜೊತೆ ಹೋಲಿಸಿ ನೋಡಬೇಕು. ಮನುಷ್ಯ ಮತ್ತೆ ಜಾರುತ್ತಾನೆ ಎಂದು ಗೊತ್ತಿದ್ದೇ ಮಾಡಿದ ಏರ್ಪಾಡು ಇದು.

ನಮ್ಮ ಸಂಧ್ಯಾವಂದನೆಯೂ ಹಾಗೆಯೇ ಅಲ್ಲವೇ? ಬೆಳಗಿನ ಮಂತ್ರ ರಾತ್ರಿ ಮಾಡಿದ ಪಾಪ ಕಳೆಯಲೆಂದು, ಸಂಜೆಯದು ಹಗಲಿನ ಪಾಪ ಕಳೆಯಲೆಂದು ಬೇಡುತ್ತದೆ. ಮನಸ್ಸು, ಮಾತು, ಕೈ, ಕಾಲು ಎಂದು ಒಂದೊಂದನ್ನೂ ಹೆಸರಿಸುತ್ತದೆ. ತಪ್ಪೇ ಮಾಡದವನಿಗೆ ಆ ಮಂತ್ರದ ಅಗತ್ಯವೇ ಇರಲಿಲ್ಲ.

ಆದರೆ, ತೊಳೆದುಕೊಳ್ಳಬಹುದು ಅಂತ ಧೈರ್ಯವಾಗಿ ತಪ್ಪು ಮಾಡುವವರೂ ಇದ್ದಾರೆ. ಯಜಮಾನರಿಗೆ ಬೇಸರ ತಂದಿರುವುದು ಬಹುಶಃ ಅದೇ. ಕ್ರೈಸ್ತರಲ್ಲೂ ಇದು ಬೆಳೆದಿತ್ತು. ಹಣ ಕೊಟ್ಟು ಕ್ಷಮಾಪತ್ರ ಪಡೆಯುವ ಪದ್ಧತಿಯೇ ಇತ್ತು. ಅದರ ವಿರುದ್ಧ 1517ರಲ್ಲಿ ಮಾರ್ಟಿನ್ ಲೂಥರ್ ಮುಂದಿಟ್ಟ 95 ವಾದಗಳಲ್ಲಿ ಮೊದಲನೆಯದೇ, ಭಕ್ತನ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕು ಎಂಬುದು. ಕ್ಯಾಥೊಲಿಕರ ಪಾಪನಿವೇದನೆಯಲ್ಲೂ ಬಾಯಲ್ಲಿ ಹೇಳಿದರಷ್ಟೇ ಆಗದು. ಮನಸ್ಸು ನೊಂದಿರಬೇಕು, ಇನ್ನು ಮಾಡೆನೆಂಬ ಸಂಕಲ್ಪ ಬೇಕು, ಕದ್ದದ್ದನ್ನು ಹಿಂದಿರುಗಿಸಬೇಕು. ಮತ್ತಾಯನ ಸುವಾರ್ತೆ ಇನ್ನೂ ಕಠಿಣ: ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಾಗ ನಿನ್ನಿಂದ ನೊಂದವರ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿ ಮಾಡಿಕೋ ಎನ್ನುತ್ತದೆ.

ಇದು ನಮ್ಮ ದೇವರಮನೆಗೂ ಸಲ್ಲುವ ಮಾತು. ಬೆಳಿಗ್ಗೆ ಮನೆಗೆಲಸದಾಕೆಯ ಮೇಲೆ ವಿನಾಕಾರಣ ರೇಗಿದ್ದರೆ, ಗಂಧ ತೇಯುವ ಮುಂಚೆ ಆಕೆಗೆ "ತಪ್ಪಾಯ್ತಮ್ಮ" ಅನ್ನಬೇಕು. ನೀರು ಮುಟ್ಟುವುದಕ್ಕಿಂತ ಇದು ಕಷ್ಟ.

ಯಜಮಾನರಿಗೆ ಹೇಳಿ: ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತೀರಲ್ಲ, ನಾಳೆ ಮತ್ತೆ ಧೂಳಾಗುತ್ತದೆ ಅಂತ ಬಿಡುತ್ತೀರಾ? ಸಂಧ್ಯಾವಂದನೆಯನ್ನು ಮತ್ತೆ ಶುರುಮಾಡಲಿ. ಜೊತೆಗೆ ಒಂದೇ ದೋಷ, ಸಿಟ್ಟನ್ನೇ ಹಿಡಿದುಕೊಳ್ಳಲಿ. ಒಂದು ತಿಂಗಳಾದ ಮೇಲೆ ಅದು ಎಷ್ಟು ಇಳಿದಿದೆ ಎಂದು ನಿಮ್ಮನ್ನೇ ಕೇಳಲಿ.