ಜೊತೆಗೆ ಬಂದ ನಾಯಿ: ಪ್ರವೇಶ, ಶುಚಿ, ಆಶ್ರಯ

ಊರಿನ ಯಾವ ಯಾವ ಜಾಗಗಳಿಗೆ ನಾಯಿಯನ್ನು ಜೊತೆಯಲ್ಲಿ ಕರೆದೊಯ್ಯಬಹುದು ಎಂಬುದು ಮೇಲ್ನೋಟಕ್ಕೆ ಬಿಡುವಿನ ದಿನದ ಪ್ರಶ್ನೆಯಂತೆ ಕಂಡರೂ, ಭಾರತದ ಧಾರ್ಮಿಕ ಸಾಹಿತ್ಯ ಅದನ್ನು ಬಹಳ ಹಿಂದೆಯೇ, ಅದೂ ಯಾಗಶಾಲೆಯ ಬಾಗಿಲು, ಸ್ವರ್ಗದ ಬಾಗಿಲುಗಳಂಥ ಗಂಭೀರ ಸ್ಥಳಗಳಲ್ಲಿ ಎತ್ತಿಕೊಂಡು ಚರ್ಚಿಸಿದೆ. ಚೆನ್ನೈಯ ಕೀಲ್ಪಾಕಿನಲ್ಲಿ ನಾಯಿ ಸಾಕಿದವರಿಗೆ ಇದು ನಿತ್ಯದ ಪ್ರಶ್ನೆ. ಹಳೆಯ ತೋಟದ ಬಂಗಲೆಗಳಿದ್ದ ಕಡೆ ಅಪಾರ್ಟ್‌ಮೆಂಟುಗಳು ಎದ್ದಿರುವ, ಪೂನಮಲ್ಲಿ ಹೈರೋಡಿನ ಗದ್ದಲಕ್ಕೆ ಅಂಟಿಕೊಂಡಿರುವ ಈ ಬಡಾವಣೆಯಿಂದ ಮರೀನಾ ಕಡಲತೀರ ಏಳೆಂಟು ಕಿಲೋಮೀಟರ್‌ ದೂರದೊಳಗೇ ಇದ್ದರೂ, ಮೆಟ್ರೊ ರೈಲಿನಲ್ಲಿ ನಾಯಿಗೆ ಪ್ರವೇಶವಿಲ್ಲ, ಆಟೊದವರು ಒಪ್ಪಿದರೆ ಉಂಟು, ಒಪ್ಪದಿದ್ದರೆ ಇಲ್ಲ. ಪರವೂರಿಗೆ ಹೊರಟರೆ ರೈಲ್ವೆ ನಿಯಮ ನಾಯಿಗೆ ಎರಡೇ ಜಾಗಗಳನ್ನು ತೋರಿಸುತ್ತದೆ: ಒಡೆಯರು ಪೂರ್ತಿಯಾಗಿ ಕಾದಿರಿಸಿಕೊಂಡ ಎ.ಸಿ. ಪ್ರಥಮ ದರ್ಜೆಯ ಕೂಪೆ, ಇಲ್ಲವೇ ಗಾರ್ಡಿನ ಬ್ರೇಕ್‌ವ್ಯಾನಿನಲ್ಲಿರುವ ಪೆಟ್ಟಿಗೆ. ಇಂಥ ನಿಯಮಗಳಲ್ಲಿ ನ್ಯಾಯ ಎಷ್ಟು, ರೂಢಿ ಎಷ್ಟು, ನಾಯಿಯನ್ನು ಕರೆತಂದವರ ಪಾಲಿನ ಹೊಣೆ ಎಷ್ಟು ಎಂಬುದು ಇಲ್ಲಿಯ ವಿಚಾರ.

ಧರ್ಮಶಾಸ್ತ್ರಗಳು ನಾಯಿಯನ್ನು ಅಶುಚಿ ಪ್ರಾಣಿಗಳ ಸಾಲಿಗೆ ಸೇರಿಸುತ್ತವೆ. ಆ ಗ್ರಂಥಗಳ ಮಟ್ಟಿಗೆ ಶುಚಿ ಎಂದರೆ ಬರಿಯ ಚೊಕ್ಕಟತನವಲ್ಲ, ಹೋಮ, ಪೂಜೆ, ಶ್ರಾದ್ಧ ಮೊದಲಾದ ಕರ್ಮಗಳಿಗೆ ಒಂದು ವಸ್ತುವೋ ವ್ಯಕ್ತಿಯೋ ಅರ್ಹವಾಗಿರುವ ಸ್ಥಿತಿ. ಆದ್ದರಿಂದಲೇ ಶಾಂಪೂ ಹಾಕಿ ಮೀಯಿಸಿದ ನಾಯಿಯೂ ಮಡಿಗೆ ಸಲ್ಲುವುದಿಲ್ಲ, ಕೆಸರು ಮೆತ್ತಿಕೊಂಡ ಹಸು ಸಲ್ಲುತ್ತದೆ. ಆದರೆ ಅದೇ ಶಾಸ್ತ್ರಗಳು ಗೃಹಸ್ಥನಿಗೆ ವಿಧಿಸುವ ಭೂತಯಜ್ಞದಲ್ಲಿ, ಅಂದರೆ ಊಟಕ್ಕೆ ಮುಂಚೆ ಸಕಲ ಜೀವಿಗಳಿಗೂ ಅನ್ನದ ಪಾಲನ್ನು ಎತ್ತಿಡುವ ಕ್ರಮದಲ್ಲಿ, ಕಾಗೆ ಕ್ರಿಮಿಗಳ ಜೊತೆಗೆ ನಾಯಿಯನ್ನೂ ಹೆಸರಿಸಿ, ಅದರ ತುತ್ತನ್ನು ನೆಲದ ಮೇಲೆ ಇಡಬೇಕೆನ್ನುತ್ತವೆ. ನಾಯಿಗೆ ಪಾಲು ಉಂಟು, ಆದರೆ ಅದು ಹೊರಗಿನ ಪಾಲು. ಈ ಹೊರಗೆ ಎಂಬುದು ನಾಯಿಗೆ ಮಾತ್ರ ಮೀಸಲಾಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ: ಮನುಸ್ಮೃತಿ ಚಂಡಾಲ, ಶ್ವಪಚರೆಂದು ಕರೆದ ಜನರನ್ನು ಊರಾಚೆಗೆ ಇರಿಸಿ, ನಾಯಿ ಕತ್ತೆಗಳೇ ಅವರ ಸೊತ್ತೆಂದು ವಿಧಿಸಿತು. ನಾಯಿಯ ಅಶುಚಿ ಮನುಷ್ಯರನ್ನು ದೂರವಿಡುವ ಏರ್ಪಾಟಿನ ಗುರುತೂ ಆಗಿತ್ತಾದ್ದರಿಂದ, ಅದನ್ನು ನಿಷ್ಪಾಪಿ ಆಚಾರವೆಂದು ಬಗೆಯುವುದು ಕಷ್ಟ.

ಮಹಾಭಾರತ ಈ ವಿಷಯದಲ್ಲಿ ತನ್ನದೇ ಶಾಸ್ತ್ರಲೋಕದೊಡನೆ ಜಗಳಕ್ಕೆ ನಿಂತ ಗ್ರಂಥ. ಆದಿಪರ್ವದ ಆರಂಭದಲ್ಲೇ, ಕುರುಕ್ಷೇತ್ರದಲ್ಲಿ ಜನಮೇಜಯ ದೀರ್ಘಸತ್ರವನ್ನು, ಎಂದರೆ ಬಹುಕಾಲ ನಡೆಯುವ ಯಾಗವನ್ನು, ನಡೆಸುತ್ತಿದ್ದಾಗ ದೇವಲೋಕದ ನಾಯಿ ಸರಮೆಯ ಮರಿ ಅಲ್ಲಿಗೆ ಬರುತ್ತದೆ; ರಾಜನ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಅಳುತ್ತ ಬಂದ ಮರಿಯನ್ನು ತಾಯಿ ಮುದ್ದಿಸಿ ಸಮಾಧಾನಪಡಿಸುವುದಿಲ್ಲ, ಮೊದಲು ವಿಚಾರಣೆ ನಡೆಸುತ್ತಾಳೆ: ನೀನೇನಾದರೂ ತಪ್ಪು ಮಾಡಿದೆಯಾ? ಹವಿಸ್ಸನ್ನು ನೆಕ್ಕುವುದಿರಲಿ, ಅದರ ಕಡೆ ನೋಡಿಯೂ ಇಲ್ಲವೆಂದು ಮರಿ ಉತ್ತರಿಸಿದ ಮೇಲೆ ಅವಳು ಯಾಗಶಾಲೆಗೇ ಹೋಗಿ, ತಪ್ಪಿಲ್ಲದವನನ್ನು ಹೊಡೆದ ನಿಮಗೆ ಎಣಿಸದ ಭಯ ಬಂದೊದಗಲಿ ಎಂದು ಶಪಿಸುತ್ತಾಳೆ. ರಾಜ ಆ ಶಾಪವನ್ನು ಹಗುರವಾಗಿ ಕಾಣದೆ, ಅದನ್ನು ಶಮನಗೊಳಿಸಬಲ್ಲ ಪುರೋಹಿತನನ್ನು ಹುಡುಕಿಕೊಂಡು ಹೊರಡುತ್ತಾನೆ. ಬಂದದ್ದೇ ತಪ್ಪು ಎಂಬ ಶುಚಿಯ ತರ್ಕಕ್ಕೆ ಎದುರಾಗಿ, ಮಾಡಿದ್ದೇನು ಎಂದು ಕೇಳುವ ನ್ಯಾಯದ ತರ್ಕವನ್ನು ಈ ಕಥೆ ಇಡುತ್ತದೆ. ಅದನ್ನು ನಾಯಿಯ ಬಾಯಲ್ಲೇ ಆಡಿಸುತ್ತದೆ.

ಜೈನ ಪರಂಪರೆಯ ಜೀವಂಧರನ ಕಥೆ ಇದೇ ಜಗಳವನ್ನು ವಿಹಾರದ ಸನ್ನಿವೇಶಕ್ಕೆ ಒಯ್ಯುತ್ತದೆ. ಸಂಸ್ಕೃತದಲ್ಲಿ ವಾದೀಭಸಿಂಹನ ಕ್ಷತ್ರಚೂಡಾಮಣಿ, ತಮಿಳಿನಲ್ಲಿ ತಿರುತ್ತಕ್ಕದೇವರ ಜೀವಕ ಚಿಂತಾಮಣಿ, ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಜೀವಂಧರ ಚರಿತೆ ಹೀಗೆ ಹಲವು ಭಾಷೆಗಳಲ್ಲಿ ಹರಿದ ಈ ಕಥೆಯ ಪ್ರಸಿದ್ಧ ರೂಪದಲ್ಲಿ, ಊರಿಗೆ ಊರೇ ಜಲಕ್ರೀಡೆಗೆಂದು ಹೊರಟ ದಿನ ನಾಯಿಯೊಂದು ಬ್ರಾಹ್ಮಣರ ಅನ್ನಕ್ಕೆ ಬಾಯಿ ಹಾಕಿ ಸಾಯುವಂತೆ ಪೆಟ್ಟು ತಿನ್ನುತ್ತದೆ. ಇಲ್ಲಿಯ ನಾಯಿ ಸರಮೆಯ ಮರಿಯಂತೆ ನಿರಪರಾಧಿಯಲ್ಲ, ಅನ್ನ ಮುಟ್ಟಿದ್ದು ನಿಜ. ಆದರೂ ಜೀವಂಧರ ವಿಚಾರಣೆಗೆ ಹೋಗದೆ, ಬದುಕಿಸಲಾಗದ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು, ಅಂದರೆ ಅರ್ಹಂತ, ಸಿದ್ಧ ಮೊದಲಾದ ಐವರು ಪರಮೇಷ್ಠಿಗಳಿಗೆ ಸಲ್ಲಿಸುವ ನಮಸ್ಕಾರವನ್ನು ಉಚ್ಚರಿಸುತ್ತಾನೆ. ನಾಯಿ ಯಕ್ಷನಾಗಿ ಹುಟ್ಟಿ ಮುಂದೆ ಅವನ ನೆರವಿಗೆ ನಿಲ್ಲುತ್ತದೆ. ಕೀಲ್ಪಾಕ್, ವೇಪೇರಿ, ಪುರಸವಾಕ್ಕಂ ಭಾಗಗಳಲ್ಲಿ ನೆಲೆಸಿರುವ ರಾಜಸ್ಥಾನ, ಗುಜರಾತ್ ಮೂಲದ ಜೈನ ಕುಟುಂಬಗಳು ಬಹುಮಟ್ಟಿಗೆ ಶ್ವೇತಾಂಬರರು, ಈ ಕಾವ್ಯಗಳು ದಿಗಂಬರ ಪರಂಪರೆಯವು; ಆದರೂ ಅವರು ಜೀವದಯೆ ಎಂದು ಕರೆಯುವ ಧರ್ಮಕ್ಕೂ ಈ ಕಥೆಗೂ ಬೇರು ಒಂದೇ.

ಚರ್ಚೆಯ ತಿರುಳು ಇರುವುದು ಮಹಾಭಾರತದ ಮಹಾಪ್ರಾಸ್ಥಾನಿಕ ಪರ್ವದಲ್ಲಿ. ಕುಮಾರವ್ಯಾಸ ತನ್ನ ಭಾರತವನ್ನು ಹತ್ತು ಪರ್ವಗಳಿಗೆ ನಿಲ್ಲಿಸಿದ್ದರಿಂದ, ಷಟ್ಪದಿಯಲ್ಲಿ ಭಾರತ ಓದುವ ಕನ್ನಡಿಗರಿಗೆ ಈ ಭಾಗ ದೊರೆತದ್ದು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿಯ ಮುಂದುವರಿಕೆಯಲ್ಲಿ. ಹಸ್ತಿನಾವತಿಯಿಂದ ಹೊರಟ ಪಾಂಡವರ ಹಿಂದೆ ಒಂದು ನಾಯಿ ನಡೆಯುತ್ತದೆ. ದ್ರೌಪದಿ ಮೊದಲ್ಗೊಂಡು ಒಬ್ಬೊಬ್ಬರಾಗಿ ಬಿದ್ದ ಮೇಲೆ ಉಳಿಯುವವರು ಯುಧಿಷ್ಠಿರ ಮತ್ತು ಅದು. ರಥ ತಂದ ಇಂದ್ರನ ಆಕ್ಷೇಪ ಶುದ್ಧ ಶಾಸ್ತ್ರೀಯವಾದದ್ದು: ನಾಯಿ ಇಟ್ಟುಕೊಂಡವರಿಗೆ ಸ್ವರ್ಗದಲ್ಲಿ ಎಡೆಯಿಲ್ಲ, ಅಂಥವರ ಇಷ್ಟಾಪೂರ್ತವನ್ನು, ಎಂದರೆ ಯಾಗಗಳಿಂದಲೂ ಕೆರೆ ಬಾವಿಗಳಂಥ ಲೋಕೋಪಕಾರದಿಂದಲೂ ಗಳಿಸಿದ ಪುಣ್ಯವನ್ನು, ಕ್ರೋಧವಶರೆಂಬ ಗಣ ಕಸಿದುಕೊಳ್ಳುತ್ತದೆ. ತಮ್ಮಂದಿರನ್ನೂ ಹೆಂಡತಿಯನ್ನೂ ಬಿಟ್ಟು ಬಂದವನಿಗೆ ನಾಯಿಯನ್ನು ಬಿಡಲು ಏನಡ್ಡಿ ಎಂಬ ಎರಡನೆಯ ಪ್ರಶ್ನೆ ಇನ್ನೂ ಹರಿತವಾದದ್ದು. ಯುಧಿಷ್ಠಿರನ ಉತ್ತರ: ಸತ್ತವರನ್ನು ಉಳಿಸಿಕೊಳ್ಳುವುದು ತನ್ನ ಕೈಯಲ್ಲಿರಲಿಲ್ಲ, ಬದುಕಿದ್ದಾಗ ಅವರನ್ನು ಬಿಡಲಿಲ್ಲ, ನಂಬಿ ಬಂದ ಜೀವವನ್ನು ಕೈಬಿಡುವ ಭಕ್ತತ್ಯಾಗವಾದರೋ ಬ್ರಹ್ಮಹತ್ಯೆಗೆ ಸಮ.

ಈ ಉತ್ತರದಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಸಂಗತಿಯೊಂದಿದೆ. ನಾಯಿ ಶುಚಿಯೆಂದು ಯುಧಿಷ್ಠಿರ ವಾದಿಸುವುದಿಲ್ಲ, ಸ್ವರ್ಗದ ನಿಯಮ ತಪ್ಪೆಂದೂ ಹೇಳುವುದಿಲ್ಲ. ನಿಯಮ ಹಾಗಿದ್ದರೆ ತನಗೇ ಸ್ವರ್ಗ ಬೇಡ ಎನ್ನುತ್ತಾನೆ. ಪ್ರವೇಶದ ಬೆಲೆಯನ್ನು ನಾಯಿಯ ಮೇಲಾಗಲಿ ಸ್ಥಳದ ಮೇಲಾಗಲಿ ಹೊರಿಸದೆ, ಜೊತೆಗಾರ ತಾನೇ ಹೊರುತ್ತಾನೆ. ಈ ನಿಲುವು ನಿಷೇಧದ ಫಲಕ ಕಂಡ ಕೂಡಲೇ ಜಗಳ ತೆಗೆಯುವವರದೂ ಅಲ್ಲ, ಫಲಕಕ್ಕೆ ತಲೆಬಾಗಿ ನಾಯಿಯನ್ನು ಕಾರಿನಲ್ಲಿ ಕೂಡಿಹಾಕಿ ತಾವು ಒಳಗೆ ಹೋಗುವವರದೂ ಅಲ್ಲ. ನಾಯಿಗೆ ಮೈಯೆಲ್ಲ ಬೆವರುವ ಶಕ್ತಿಯಿಲ್ಲ, ಏದುಸಿರು ಬಿಟ್ಟೇ ಅದು ಮೈಯ ತಾಪ ಇಳಿಸಿಕೊಳ್ಳಬೇಕು; ಚೆನ್ನೈಯ ಮೇ ತಿಂಗಳಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗಿನ ಬಿಸಿ ಕೆಲವೇ ನಿಮಿಷಗಳಲ್ಲಿ ಆ ಉಸಿರಿನ ಅಳವನ್ನು ಮೀರುತ್ತದೆ. ಕಾಫಿ ಕುಡಿಯಲು ಹೋದ ಅರ್ಧ ಗಂಟೆಯಲ್ಲಿ ಭಕ್ತತ್ಯಾಗ ಪೂರ್ತಿಯಾಗಬಹುದು.

ಆ ನಾಯಿ ಕೊನೆಗೆ ಧರ್ಮದೇವತೆಯೆಂದು ತಿಳಿದುಬರುವುದನ್ನೇ ಕಥೆಯ ಸಾರವೆಂದು ಹೇಳುವವರಿದ್ದಾರೆ. ಕಾಶಿಯ ಬೀದಿಯಲ್ಲಿ ಶಂಕರಾಚಾರ್ಯರಿಗೆ ಎದುರಾದ ಚಂಡಾಲನ ನಾಲ್ಕು ನಾಯಿಗಳನ್ನು ನಾಲ್ಕು ವೇದಗಳೆಂದು ವಿವರಿಸುವುದುಂಟು. ದತ್ತಾತ್ರೇಯನ ನಾಲ್ಕು ನಾಯಿಗಳಿಗೂ ಅದೇ ವ್ಯಾಖ್ಯಾನ. ಒಳಗೆ ಬಿಟ್ಟುಕೊಳ್ಳಬೇಕಾದ ಗಳಿಗೆಯಲ್ಲಿ ನಾಯಿಯನ್ನು ವೇದವಾಗಿಯೋ ದೇವತೆಯಾಗಿಯೋ ಮಾರ್ಪಡಿಸುವುದು ಪರಂಪರೆಯ ಜಾಣತನ; ಆಗ ನಾಯಿಯನ್ನು ಬಿಟ್ಟುಕೊಂಡಂತೆಯೂ ಆಗಲಿಲ್ಲ, ತಡೆದಂತೆಯೂ ಆಗಲಿಲ್ಲ. ಆದರೆ ಯುಧಿಷ್ಠಿರ ನಿರ್ಧಾರ ಮಾಡಿದಾಗ ಅವನ ಬಳಿ ಇದ್ದದ್ದು ಬರಿಯ ನಾಯಿ. ಧರ್ಮದೇವತೆ ಪ್ರಕಟವಾಗದೆ ಹೋಗಿದ್ದರೂ ಅವನ ವಾದದ ಒಂದಕ್ಷರವೂ ಸುಳ್ಳಾಗುತ್ತಿರಲಿಲ್ಲ. ಶಿವಾಲಯಗಳ ಭೈರವನ ಬಳಿ ಕಲ್ಲಿನ ನಾಯಿ ಹೂವಿನ ಹಾರ ಹಾಕಿಸಿಕೊಂಡು ನಿಂತಿರುವಾಗ, ಉಸಿರಾಡುವ ನಾಯಿ ಚಪ್ಪಲಿ ಬಿಡುವ ಜಾಗದಿಂದ ಮುಂದೆ ಬರಬಾರದು. ಕಲ್ಲಿನ ನಾಗನಿಗೆ ಹಾಲೆರೆದು ಜೀವಂತ ನಾಗನನ್ನು ಕೊಲ್ಲೆನ್ನುವ ಜನರ ಕುರಿತು ಬಸವಣ್ಣನವರು ಮಾಡಿದ ಟೀಕೆ ಇಲ್ಲಿಗೂ ಸಲ್ಲುತ್ತದೆ. ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನ ಮುತ್ತಪ್ಪನ್ ಕ್ಷೇತ್ರ ಇದಕ್ಕೆ ಹೊರತು. ವಳಪಟ್ಟಣಂ ಹೊಳೆಯ ದಡದ ಆ ಗುಡಿಯಲ್ಲಿ ನಾಯಿಗಳು ತಡೆಯಿಲ್ಲದೆ ಓಡಾಡುತ್ತವೆ, ಪ್ರಸಾದದಲ್ಲಿ ಅವಕ್ಕೂ ಪಾಲು ಸಲ್ಲುತ್ತದೆ.

ಕನ್ನಡ ನಾಡಿನ ಅತಿ ಪ್ರಸಿದ್ಧ ನಾಯಿಯ ಕಥೆಗೂ ಚೆನ್ನೈಯ ಆಸುಪಾಸಿಗೂ ನಂಟುಂಟು. ಚೆನ್ನೈಯ ಪಶ್ಚಿಮಕ್ಕೆ ಅರಕ್ಕೋಣಂ ಬಳಿಯಿರುವ ತಕ್ಕೋಲದಲ್ಲಿ 949ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿ, ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗ, ತನ್ನ ವೀರ ಮಣಲೇರನಿಗೆ ಮೆಚ್ಚನ್ನು ಬೇಡಲು ಹೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರೊಡನೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತದ್ದನ್ನು ಈಗಿನ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹೇಳುತ್ತದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿ ಹಂದಿಗಳ ಕಾದಾಟದ ಕೆತ್ತನೆಯೂ ಇದೆ. ಗುಡಿಯ ಮುಂದೆ ನೆಟ್ಟ ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟು, ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಅಲ್ಲಿಯ ಶೈವ ಅರ್ಚಕನಿಗೆ, ಪಾಪ ತಟ್ಟುತ್ತದೆಂದು ಬರೆಸಲಾಗಿದೆ. ಇದು ನಾಯಿಗೆ ಸಂದ ಅಪೂರ್ವ ಗೌರವವೇ ಸರಿ. ಆದರೆ ಕಾಳಿಗೆ ಕಲ್ಲು ದೊರೆತದ್ದು ಕಾದಿ ಮಡಿದುದಕ್ಕೆ. ಯುಧಿಷ್ಠಿರನ ನಾಯಿ ಏನನ್ನೂ ಸಾಧಿಸಲಿಲ್ಲ, ಹಿಂದೆ ನಡೆದು ಬಂತು, ಅಷ್ಟೇ. ಅದಕ್ಕೆ ಹೆಸರಿಲ್ಲ, ಜಾತಿಯಿಲ್ಲ, ಒಡೆಯರಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಬೀದಿನಾಯಿ.

ಈ ಸಂಗತಿಯನ್ನು ಮುಂದಿಟ್ಟುಕೊಂಡು ನೋಡಿದರೆ, ಕಡಲ ಬದಿಯ ಈಸ್ಟ್ ಕೋಸ್ಟ್ ರಸ್ತೆಯ ಉದ್ದಕ್ಕೂ ಇರುವ ಹೋಟೆಲು, ರೆಸಾರ್ಟುಗಳಲ್ಲಿ ಕೆಲವು ನಾಯಿಗೆ ಸ್ವಾಗತ ಕೋರುವುದು ಪ್ರಶ್ನೆಯ ಅರ್ಧಕ್ಕೆ ಮಾತ್ರ ಉತ್ತರ. ಕೊರಳಪಟ್ಟಿ ಕಟ್ಟಿಕೊಂಡ ಲ್ಯಾಬ್ರಡಾರಿಗೆ ತಟ್ಟೆಯಲ್ಲಿ ನೀರಿಡುವ ಕೈಯೇ ಗೇಟಿನ ಬಳಿ ಬಂದ ಬೀದಿನಾಯಿಗೆ ಕೋಲು ಎತ್ತುತ್ತದೆ. ಅಲ್ಲಿ ಸತ್ಕಾರ ಸಲ್ಲುತ್ತಿರುವುದು ನಾಯಿಗಲ್ಲ, ಅದರ ಒಡೆಯರಿಗೆ.

ಚೆನ್ನೈ ಈ ಬೀದಿನಾಯಿಯ ಪ್ರಶ್ನೆಯಲ್ಲಿ ದೇಶಕ್ಕೆ ದಾರಿ ತೋರಿದ ಊರು. ತಿರುವಾನ್ಮಿಯೂರಿನ ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ದಾರಿಯಾಯಿತು, 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ನಾಯಿಗಳನ್ನು ಹಿಡಿದು ಕೊಲ್ಲುವ ಬದಲು ಸಂತಾನಹರಣ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಮರಳಿ ಬಿಡುವ ಕ್ರಮವನ್ನು ಬ್ಲೂ ಕ್ರಾಸ್ ಆಫ್ ಇಂಡಿಯಾ ಇದೇ ಊರಿನಲ್ಲಿ 1964ರಿಂದ ಪ್ರತಿಪಾದಿಸಿತು; ನಗರಪಾಲಿಕೆ ಅದನ್ನು ಒಪ್ಪಿದ್ದು 1996ರಲ್ಲಿ, ದೇಶಕ್ಕೆಲ್ಲ ಅದು ನಿಯಮವಾದದ್ದು 2001ರಲ್ಲಿ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯತಾಣಗಳಿಗೆ ಸೇರಿಸಬೇಕು, ಅಲ್ಲಿಗೇ ಮರಳಿ ಬಿಡಬಾರದು ಎಂದು ಆದೇಶಿಸಿತು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ನಡುವೆ ಇರಿಸಿಕೊಂಡ ಕೀಲ್ಪಾಕಿನಂಥ ಬಡಾವಣೆಗೆ ಇದು ನೇರವಾಗಿ ತಟ್ಟುವ ಮಾತು. ಆಸ್ಪತ್ರೆಯ ಅಂಗಳದ ಭಯ ಯಾಗಶಾಲೆಯ ಭಯದಂತಲ್ಲ. ರೇಬಿಸ್ ಒಮ್ಮೆ ತಲೆದೋರಿದರೆ ಬದುಕುಳಿಯುವವರು ಇಲ್ಲವೆನ್ನುವಷ್ಟು ಕಡಿಮೆ, ಕಚ್ಚಿಸಿಕೊಂಡ ಮಗುವಿನ ತಾಯಿಗೆ ಸರಮೆಯ ವಿಚಾರಣೆ ನಡೆಸು ಎನ್ನುವುದು ಕ್ರೌರ್ಯ. ಆದರೆ ಎಲ್ಲ ನಿಷೇಧಗಳೂ ಈ ಭಯದಿಂದಲೇ ಹುಟ್ಟಿದವಲ್ಲ. ಲಸಿಕೆ ಹಾಕಿಸಿ ಬಾರು ಹಿಡಿದು ಕರೆತಂದ ನಾಯಿಯನ್ನು ಲಿಫ್ಟಿನಿಂದ, ಸಂಘದ ಪಾರ್ಕಿನಿಂದ ಹೊರಗಿಡುವಾಗ ಮುಂದಿಡುವ ಆರೋಗ್ಯದ ಕಾರಣ ಎಷ್ಟೋ ಸಲ ಹಳೆಯ ಮಡಿಯೇ ತೊಟ್ಟ ಹೊಸ ಅಂಗಿ. ಇಂಥ ಸಾರಾಸಗಟು ನಿಷೇಧಕ್ಕೆ ನಿವಾಸಿಗಳ ಸಂಘಗಳಿಗೆ ಅಧಿಕಾರವಿಲ್ಲವೆಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ.

ಕಡಲತೀರದಲ್ಲಿ ಮಾತ್ರ ಪ್ರಶ್ನೆ ಬೇರೆಯೇ ಆಗುತ್ತದೆ, ಏಕೆಂದರೆ ಅಲ್ಲಿ ನಾಯಿಗೆ ಎದುರಾಗಿ ನಿಲ್ಲುವುದು ಮನುಷ್ಯರ ಮಡಿಯಲ್ಲ, ಇನ್ನೊಂದು ಜೀವ. ಜನವರಿಯಿಂದ ಮಾರ್ಚಿನವರೆಗೆ ಆಲಿವ್ ರಿಡ್ಲೆ ಆಮೆಗಳು ರಾತ್ರಿಯ ಹೊತ್ತು ಚೆನ್ನೈಯ ಮರಳಿಗೆ ಹತ್ತಿ ಬಂದು, ಗುಂಡಿ ತೋಡಿ, ಒಂದೊಂದೂ ನೂರರ ಆಸುಪಾಸು ಮೊಟ್ಟೆಗಳನ್ನಿಟ್ಟು, ಹಿಂಗಾಲುಗಳಿಂದ ಮರಳು ಮುಚ್ಚಿ ಕಡಲಿಗೆ ಮರಳುತ್ತವೆ. ಮೊಟ್ಟೆ ಒಡೆಯಲು ಸುಮಾರು ಒಂದೂವರೆ ತಿಂಗಳಿಂದ ಎರಡು ತಿಂಗಳು ಬೇಕು. ಅಷ್ಟರೊಳಗೆ ನಾಯಿಯ ಮೂಗು ಆ ಗುಂಡಿಯನ್ನು ಪತ್ತೆಹಚ್ಚಿದರೆ ಉಳಿಯುವುದು ಸಿಪ್ಪೆ. ಆಮೆಗಳ ಸಾವಿಗೆಲ್ಲ ನಾಯಿಯನ್ನು ದೂರುವಂತಿಲ್ಲ, 2025ರ ಜನವರಿಯಲ್ಲಿ ಈ ತೀರಕ್ಕೆ ತೇಲಿಬಂದ ನೂರಾರು ಸತ್ತ ಆಮೆಗಳ ಹಿಂದೆ ಇದ್ದದ್ದು ಟ್ರಾಲರ್ ಬಲೆಗಳು; ಆದರೆ ಗೂಡಿನ ಮಟ್ಟಿಗೆ ನಾಯಿ ನಿಜವಾದ ಅಪಾಯ. ಗೂಡು ಬಗೆದ ನಾಯಿಗೆ ಸರಮೆಯ ಪ್ರಶ್ನೆ ಕೇಳಿ ಫಲವಿಲ್ಲ, ಅದಕ್ಕೆ ತಪ್ಪೆಂಬುದರ ಅರಿವಿಲ್ಲ. ಆಗ ಉತ್ತರ ಹೇಳಬೇಕಾದವರು ಜೊತೆಗಾರರು. ಮರಳು ಅಂಗಾಲು ಸುಡುವ ಮೊದಲು, ಬೆಳಕು ಹರಿದ ಮೇಲೆ, ಜನ ತುಂಬುವ ಮುಂಚೆ, ಬಾರು ಬಿಡದೆ ಅಲೆಯಂಚಿನ ಒದ್ದೆ ಮರಳಿನಲ್ಲಿ ನಡೆಸುವುದು, ಆಮೆಗಳ ತಿಂಗಳುಗಳಲ್ಲಿ ರಾತ್ರಿಯ ವಿಹಾರವನ್ನು ಪೂರ್ತಿ ಬಿಡುವುದು, ಇವು ಯುಧಿಷ್ಠಿರ ತೆತ್ತ ಬೆಲೆಗೆ ಹೋಲಿಸಿದರೆ ಏನೇನೂ ಅಲ್ಲ.

ತೀರದಲ್ಲೇ ಹುಟ್ಟಿ, ಮೀನುಗಾರರ ಕೇರಿಗಳಲ್ಲಿ ಬೆಳೆದ ನಾಯಿಗಳಿಗೆ ಇಂಥ ಜೊತೆಗಾರರಿಲ್ಲ, ಮನೆಯಲ್ಲಿರಿ ಎಂದು ಹೇಳಲು ಅವಕ್ಕೆ ಮನೆಯೂ ಇಲ್ಲ. ಈ ತೊಡಕಿಗೆ ಚೆನ್ನೈಯ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಬಳಗ 1988ರಿಂದ ಅನುಸರಿಸುತ್ತಿರುವ ಕ್ರಮ ಶಾಸ್ತ್ರಚರ್ಚೆಗಿಂತ ಮುಂದೆ ಹೋಗಿದೆ: ಅದರ ಸ್ವಯಂಸೇವಕರು ನಾಯಿಗಳನ್ನು ಓಡಿಸಲು ಹೋಗದೆ, ನೀಲಾಂಗರೈಯಿಂದ ಬೆಸೆಂಟ್ ನಗರದವರೆಗೆ ನಡುರಾತ್ರಿ ನಡೆಯುತ್ತ, ಮರಳಿನ ಮೇಲಿನ ಆಮೆಯ ಜಾಡು ಹಿಡಿದು, ನಾಯಿಗಿಂತ ಮೊದಲೇ ಗೂಡು ತಲುಪಿ, ಮೊಟ್ಟೆಗಳನ್ನು ಬೇಲಿಯೊಳಗೆ ಅಷ್ಟೇ ಆಳದ ಗುಂಡಿ ತೋಡಿ ಹೂಳುತ್ತಾರೆ, ಮರಿಗಳು ಹೊರಬಂದ ರಾತ್ರಿ ಅವನ್ನು ಅಲೆಯ ಬಳಿ ಬಿಟ್ಟು, ಕಡಲು ಮುಟ್ಟುವ ತನಕ ಕಾಯುತ್ತಾರೆ.